ಗೋಡೆಗೆ ಮುಖ ಮಾಡಿ ಅಳುವವರು

ಶನಿವಾರ ಹನುಮಪ್ಪನ ಗುಡಿಗೆ ಬಂದ ಮಂದಿ ಕರಗಿದ ಮೇಲೆ ತುಳಸಿಗೇರಿ ತಣ್ಣಗಾಗುತ್ತದೆ. ಅಂಥ ಒಂದು ಸಂಜೆ ಕಾಕಾನ ಹೊಲಕ್ಕೆ ಹೋಗಿದ್ದೆ. ಮೂರು ದಿನ ಹಿಡಿದ ಜಿಟಿಜಿಟಿ ಮಳೆ ಆಗಷ್ಟೇ ಬಿಟ್ಟಿತ್ತು. ಎದೆಮಟ್ಟ ನಿಂತ ಗೋವಿನಜೋಳದ ತುದಿ ಎಲೆಗಳಿಗೆ ಲದ್ದಿಹುಳುಗಳು ಕಚ್ಚಿಕೊಂಡು ಸೆಟೆದಿದ್ದವು. ಕೆಲವು ಸುಣ್ಣ ಬಳಿದಂತೆ ಬೆಳ್ಳಗಿದ್ದರೆ ಕೆಲವುಗಳ ಮೈತುಂಬ ಹಸಿರು ಪುಡಿ. ಹಗಲೆಲ್ಲ ಸುಳಿಯೊಳಗೆ ಅಡಗಿರುವ ಹುಳು ಸಾಯುವ ಮುನ್ನ ಬಯಲಿಗೆ ಹತ್ತಿ ಬಂದಿತ್ತು. ಕಿತ್ತೊಗೆಯಲು ಕೈಚಾಚಿದೆ.

"ಬ್ಯಾಡೋ ತಮ್ಮಾ, ಇರ್ಲಿ ಬಿಡು. ಬೂಸರ ಹತ್ತಿದ ಹುಳ ಅದು. ಉಳಿದಾವನ್ನೂ ಕರಕೊಂಡು ಹೋಗತೈತಿ" ಅಂದ ಕಾಕಾ.

ಹತ್ತು ವರ್ಷಗಳಿಂದ ನಾನು ಮತ್ತೆ ಮತ್ತೆ ಆಡುತ್ತ ಬಂದ 'ದ ಲಾಸ್ಟ್ ಆಫ್ ಅಸ್' ವಿಡಿಯೋ ಆಟದ ಬೇರು ಇಂಥದೇ ಒಂದು ಸಾವಿನಲ್ಲಿದೆ. ಬಿಬಿಸಿಯ 'ಪ್ಲಾನೆಟ್ ಅರ್ಥ್' ಸರಣಿಯಲ್ಲಿ ಕಾರ್ಡಿಸೆಪ್ಸ್ ಶಿಲೀಂಧ್ರ ಹೊಕ್ಕ ಇರುವೆಯೊಂದು ದಿಕ್ಕು ತಪ್ಪಿ ಗಿಡ ಹತ್ತುತ್ತದೆ, ಕಚ್ಚಿ ಹಿಡಿದು ಸಾಯುತ್ತದೆ, ಆಮೇಲೆ ಅದರ ತಲೆ ಸೀಳಿಕೊಂಡು ಕಡ್ಡಿಯಂಥ ಮೊಳಕೆ ಏಳುತ್ತದೆ. ಅದನ್ನು ನೋಡಿದ ನೀಲ್ ಡ್ರಕ್‌ಮನ್ ಮತ್ತು ಸಂಗಡಿಗರು ಇರುವೆಯ ಜಾಗಕ್ಕೆ ಮನುಷ್ಯನನ್ನು ತಂದರು. 2013ರಲ್ಲಿ ನಾಟಿ ಡಾಗ್ ಸಂಸ್ಥೆ ಪ್ಲೇಸ್ಟೇಷನ್ 3ಕ್ಕೆ ಹೊರತಂದ ಈ ಆಟದಲ್ಲಿ ದೊಡ್ಡ ಸುಳ್ಳು ಅದೊಂದೇ. ಉಳಿದ ಕಲ್ಪನೆಯೆಲ್ಲ ಆ ಸುಳ್ಳಿಗೆ ನಿಷ್ಠವಾಗಿ ಬೆಳೆದದ್ದು.

ಎಲ್ಲರೂ ಹೊಗಳುವುದು ಕ್ಲಿಕ್ಕರ್‌ಗಳನ್ನು. ಸೋಂಕು ತಗುಲಿ ವರ್ಷವಾದವರು ಅವರು. ಮುಖ ಅಣಬೆಯ ಪದರುಗಳಾಗಿ ಒಡೆದು ಕಣ್ಣು ಮುಚ್ಚಿಹೋಗಿರುತ್ತದೆ. ಬಾವಲಿಯ ಹಾಗೆ ಸದ್ದಿನ ಮಾರ್ದನಿಯಿಂದಲೇ ನಮ್ಮನ್ನು ಹುಡುಕುತ್ತಾರೆ. ಆ ಕಟಕಟ ಸದ್ದಿಗೆ ನನಗೆ ಇಂದಿಗೂ ಕೈ ಬೆವರುತ್ತದೆ. ಆದರೂ ನನ್ನ ಮಟ್ಟಿಗೆ ಈ ಆಟದ ಶ್ರೇಷ್ಠ ರಾಕ್ಷಸ ರನ್ನರ್, ಅಂದರೆ ಸೋಂಕು ತಗುಲಿ ಇನ್ನೂ ಹೆಚ್ಚು ದಿನವಾಗದವನು. ಮುಖ ಮನುಷ್ಯನದೇ, ಮೈಮೇಲೆ ಬಟ್ಟೆಯೂ ಇದೆ. ಕತ್ತಲ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ಬಿಕ್ಕುತ್ತಿರುತ್ತಾನೆ. ನಮ್ಮ ಸುಳಿವು ಸಿಕ್ಕೊಡನೆ ಮೈಮೇಲೆ ಬೀಳುತ್ತಾನೆ. ಅಳುವವನು ಒಬ್ಬ, ಓಡಿಬರುವವನು ಇನ್ನೊಬ್ಬ, ಇಬ್ಬರಿಗೂ ಮೈ ಒಂದೇ.

ಆಟ ಬಂದು ನಾಲ್ಕು ವರ್ಷವಾದ ಮೇಲೆ, 2017ರಲ್ಲಿ, ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ಹ್ಯೂಸ್ ತಂಡದ ಅಧ್ಯಯನವೊಂದು ಪ್ರಕಟವಾಯಿತು. ಶಿಲೀಂಧ್ರ ಹೊಕ್ಕ ಇರುವೆಗಳನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಶಿಲೀಂಧ್ರದ ಎಳೆಗಳು ಸ್ನಾಯುಗಳನ್ನು ಬಲೆಯಂತೆ ಸುತ್ತಿದ್ದವು, ಮಿದುಳಿನ ಒಳಗೆ ಮಾತ್ರ ಹೊಕ್ಕಿರಲಿಲ್ಲ. ಆಟದ ಕಥೆಯಲ್ಲಿ ಸೋಂಕು ಮಿದುಳಿಗೇ ತಗಲುತ್ತದೆ, ಅದು ತಪ್ಪಾಯಿತು. ಆದರೆ ಮೈ ಪರರ ವಶವಾದರೂ ಮಿದುಳು ಒಳಗೆ ಹಾಗೇ ಉಳಿದಿರಬಹುದಾದರೆ, ರನ್ನರ್‌ನ ಆ ಬಿಕ್ಕು ಸತ್ಯಕ್ಕೆ ಎಷ್ಟು ಹತ್ತಿರವಿತ್ತು ಎಂದು ನೆನೆದು, ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದೇ ಆಟವನ್ನು ಆಧರಿಸಿದ 2023ರ ಎಚ್‌ಬಿಒ ಧಾರಾವಾಹಿಯಲ್ಲಿ ನನಗೆ ಹಿಡಿಸಿದ್ದು ಜಕಾರ್ತದ ಹಿಟ್ಟಿನ ಗಿರಣಿ. ಸೋಂಕು ಧಾನ್ಯದಿಂದ ಹಬ್ಬಿತು ಎಂಬ ಸೂಚನೆ ರೊಟ್ಟಿ ಉಣ್ಣುವ ನಮ್ಮ ಸೀಮೆಯವರಿಗೆ ನೇರ ನಾಟುತ್ತದೆ. 1995ರಲ್ಲಿ ದಖ್ಖನ್ನಿನ ಕೆಲವು ಹಳ್ಳಿಗಳಲ್ಲಿ ಮಳೆಗೆ ಸಿಕ್ಕು ಬೂಸ್ಟು ಹಿಡಿದ ಜೋಳ, ಗೋವಿನಜೋಳ ಉಂಡವರು ಹೊಟ್ಟೆನೋವು, ಭೇದಿಯಿಂದ ನರಳಿದ್ದರು. ಕಾರಣ ಆ ಬೂಸ್ಟಿನ ವಿಷ, ಫ್ಯುಮೊನಿಸಿನ್. ಆದರೆ ಆಟದಲ್ಲಿದ್ದ, ಗಾಳಿಯಲ್ಲಿ ತೇಲುವ ಬೀಜಕಣಗಳನ್ನು ಧಾರಾವಾಹಿಯವರು ಮೊದಲ ಸೀಸನ್ನಿನಲ್ಲಿ ಕೈಬಿಟ್ಟದ್ದನ್ನು ನಾನು ಒಪ್ಪಲಾರೆ. ಕಾಕಾನ ಹೊಲದ ಹುಳುವನ್ನು ಶಿಲೀಂಧ್ರ ತುದಿಗೆ ಹತ್ತಿಸಿದ್ದೇ ಬೀಜಕಣಗಳ ಆ ಹಸಿರು ಪುಡಿಗಾಗಿ. ಎತ್ತರದಿಂದ ಉದುರಿದರೆ ಗಾಳಿ ದೂರ ಒಯ್ಯುತ್ತದೆ. ಆ ಶಿಲೀಂಧ್ರದ ಹೆಸರು ಮೆಟಾರೈಜಿಯಂ ರೈಲೆಯಿ, ಹಿಂದೆ ನೊಮುರಿಯಾ ಅನ್ನುತ್ತಿದ್ದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅದನ್ನು ಧಾನ್ಯದ ಮೇಲೆ ಬೆಳೆಸಿ ಕೀಟ ಹತೋಟಿಗೆ ಬಳಸುವ ಕೆಲಸವನ್ನು ಬಹುಕಾಲದಿಂದ ಮಾಡಿದೆ.

"ಮನಶ್ಯಾರಿಗೂ ಹತ್ತತೈತೇನ ಇದು?" ಎಂದು ಕಾಕಾ ಕೇಳಿದ. ಇಲ್ಲ ಅಂದೆ. ಹುಳುವಿಗೆಂದೇ ಹೊಂದಿಕೊಂಡ ಜೀವ ಅದು. ಸಾಲದ್ದಕ್ಕೆ ನಮ್ಮ ಮೈಯ 37 ಡಿಗ್ರಿ ಕಾವನ್ನು ಬಹುತೇಕ ಶಿಲೀಂಧ್ರಗಳು ತಾಳಲಾರವು. ತಾಳುವಂಥವೂ ಇವೆ. 2021ರಲ್ಲಿ ಕೊರೊನಾದಿಂದ ಎದ್ದು ಕೂತವರಿಗೆ ಕಪ್ಪು ಶಿಲೀಂಧ್ರ ಬಂತು, ಜೀವ ಉಳಿಸಲು ಎಷ್ಟೋ ಜನರ ಕಣ್ಣು ತೆಗೆಯಬೇಕಾಯಿತು. ಅದಾದ ಮೇಲೆ ಬಹಳ ದಿನ ಕ್ಲಿಕ್ಕರ್‌ನ ಮುಖ ನೋಡಲು ನನ್ನಿಂದ ಆಗಲಿಲ್ಲ, ಆಟ ಮುಚ್ಚಿಟ್ಟಿದ್ದೆ.

ಹೊಸದಾಗಿ ರೂಪಿಸಿದ ಆವೃತ್ತಿ 2023ರಲ್ಲಿ ಕಂಪ್ಯೂಟರಿಗೂ ಬಂದಿದೆ. ಆಡುವವರು ಹೆಡ್‌ಫೋನ್ ಹಾಕಿಕೊಳ್ಳಿ. ಹಾಳುಬಿದ್ದ ಮನೆಯೊಳಗೆ ಹೊಕ್ಕಾಗ ಕಟಕಟ ಕೇಳಿಸಿದರೆ ಅಲುಗದೆ ನಿಲ್ಲಿ. ಅಳು ಕೇಳಿಸಿದರೆ ತುಸು ಹೊತ್ತು ಕಿವಿಗೊಡಿ, ಆಮೇಲೆ ಬಗ್ಗಿ, ಅವನ ಬೆನ್ನ ಹಿಂದಿನಿಂದಲೇ ದಾಟಿಹೋಗಿ.