ಕಾವಲು ಸರಿ, ಮದ್ದು ಯಾರ ಪಾಲಿಗೆ?

1941ರ ಫೆಬ್ರುವರಿ 12ರಂದು ಆಕ್ಸ್‌ಫರ್ಡಿನ ಆಸ್ಪತ್ರೆಯಲ್ಲಿ ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೊಲೀಸನಿಗೆ ಪೆನ್ಸಿಲಿನ್ ಕೊಟ್ಟರು. ಮುಖವೆಲ್ಲ ಕೀವು ತುಂಬಿ ಒಂದು ಕಣ್ಣನ್ನೇ ಕಳೆದುಕೊಂಡಿದ್ದ ಆತ ಚೇತರಿಸಿಕೊಳ್ಳತೊಡಗಿದ. ಅಷ್ಟರಲ್ಲಿ ಮದ್ದು ತೀರಿತು. ಆತನ ಮೂತ್ರದಿಂದಲೇ ಪೆನ್ಸಿಲಿನ್ ಬೇರ್ಪಡಿಸಿ ಮತ್ತೆ ಕೊಟ್ಟರೂ ಸಾಲಲಿಲ್ಲ. ಮಾರ್ಚ್ 15ರಂದು ಆತ ತೀರಿಕೊಂಡ.

ಅದೇ ಊರಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಆ್ಯಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾಗಳ ಅಧ್ಯಯನಕ್ಕಾಗಿಯೇ ಒಂದು ಕೇಂದ್ರ ಘೋಷಿಸಿತು: ಇನಿಯೋಸ್ ಆಕ್ಸ್‌ಫರ್ಡ್ ಸಂಸ್ಥೆ. ರಾಸಾಯನಿಕ ಕಂಪನಿ ಇನಿಯೋಸ್ ಇದಕ್ಕೆ ಕೊಟ್ಟ ದೇಣಿಗೆ 10 ಕೋಟಿ ಪೌಂಡ್. ಲಾಭವಿಲ್ಲವೆಂದು ದೊಡ್ಡ ದೊಡ್ಡ ಔಷಧ ಕಂಪನಿಗಳು ಕೈಬಿಟ್ಟ ಕೆಲಸವನ್ನು ವಿಶ್ವವಿದ್ಯಾಲಯವೊಂದು ಎತ್ತಿಕೊಂಡಿದ್ದು ದೊಡ್ಡ ಮಾತೇ ಸರಿ.

ಈ ಸಂಸ್ಥೆಯ ನಿಜವಾದ ಹೆಚ್ಚುಗಾರಿಕೆ ಎರಡು ಬಗೆಯ ಪರಿಣತರನ್ನು ಒಟ್ಟಿಗೆ ತಂದದ್ದು. ರೋಗಾಣುಗಳ ಜಾಡು ಹಿಡಿಯುವ ಟಿಮ್ ವಾಲ್ಷ್, ಅವುಗಳ ಕಿಣ್ವಗಳನ್ನು ಬಿಡಿಸಿ ನೋಡುವ ರಸಾಯನ ವಿಜ್ಞಾನಿ ಕ್ರಿಸ್ ಸ್ಕೋಫೀಲ್ಡ್ ಇಬ್ಬರೂ ಇಲ್ಲಿದ್ದಾರೆ. ಎನ್‌ಡಿಎಂ-1 ಕಿಣ್ವವನ್ನೇ ನೋಡಿ. ಅದರೊಳಗೆ ಸತುವಿನ ಎರಡು ಅಯಾನುಗಳಿವೆ. ಅವುಗಳ ಬಲದಿಂದ ಅದು ಔಷಧದ ಬೀಟಾ-ಲ್ಯಾಕ್ಟಮ್ ಉಂಗುರವನ್ನು ಒಡೆಯುತ್ತದೆ. ಉಂಗುರ ಒಡೆದರೆ ಐಸಿಯುನಲ್ಲಿ ಕೊನೆಯ ಆಸರೆಯಾಗಿ ಕೊಡುವ ಕಾರ್ಬಪೆನೆಮ್ ಕೂಡ ನಿಷ್ಫಲ. ಇಂಥ ಕಿಣ್ವಗಳಿಗೆ ಅಂಟಿಕೊಂಡು ಅವನ್ನು ತಡೆಯುವ ಅಣುಗಳನ್ನು ಸ್ಕೋಫೀಲ್ಡ್ ತಂಡ ರೂಪಿಸಿದೆ. ಹಳೆಯ ಔಷಧಕ್ಕೆ ಮತ್ತೆ ಬಲ ತುಂಬುವ ಈ ದಾರಿ ನನಗೆ ಬಹಳ ಭರವಸೆಯದಾಗಿ ಕಾಣುತ್ತದೆ.

ಪ್ರಾಣಿಗಳಿಗೆ ಮಾತ್ರ ಬಳಸುವ ಪ್ರತ್ಯೇಕ ಆ್ಯಂಟಿಬಯೋಟಿಕ್ ತಯಾರಿಸಬೇಕೆಂಬ ಸಂಸ್ಥೆಯ ಗುರಿಯೂ ಅಷ್ಟೇ ಮುಖ್ಯ. ಕೊಲಿಸ್ಟಿನ್ ಮನುಷ್ಯರಿಗೆ ಕಟ್ಟಕಡೆಯ ಮದ್ದು. ಅದನ್ನೇ ಹಂದಿ, ಕೋಳಿಗಳು ಬೇಗ ಬೆಳೆಯಲೆಂದು ಮೇವಿಗೆ ಬೆರೆಸುತ್ತಿದ್ದರು. ಅದಕ್ಕೆ ಬಗ್ಗದಂತೆ ಮಾಡುವ ಎಂಸಿಆರ್-1 ಜೀನು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದೆಂದು 2015ರಲ್ಲಿ ಚೀನಾದ ವಿಜ್ಞಾನಿಗಳ ಜೊತೆ ತೋರಿಸಿದವರಲ್ಲಿ ವಾಲ್ಷ್ ಒಬ್ಬರು. ಚೀನಾ 2017ರಲ್ಲಿ ಮೇವಿಗೆ ಹೀಗೆ ಕೊಲಿಸ್ಟಿನ್ ಬೆರೆಸುವುದನ್ನು ನಿಲ್ಲಿಸಿತು. ಭಾರತ 2019ರಲ್ಲಿ ಕೋಳಿ, ಜಾನುವಾರು ಸಾಕಣೆಯಲ್ಲಿ ಕೊಲಿಸ್ಟಿನ್ ನಿಷೇಧಿಸಿತು. ಸಂಶೋಧನೆ ಕಾನೂನನ್ನು ಬದಲಿಸಬಲ್ಲದು ಎಂಬುದಕ್ಕೆ ಇದೇ ಸಾಕ್ಷಿ.

ನನ್ನ ತಕರಾರು ಮುಂದಿನ ಹೆಜ್ಜೆಯ, ಅಂದರೆ ಮದ್ದು ಜನರಿಗೆ ತಲುಪುವುದರ ಬಗ್ಗೆ. 2011ರಲ್ಲಿ ವಾಲ್ಷ್ ತಂಡ ದೆಹಲಿಯ 50 ನಲ್ಲಿ ನೀರಿನ ಮಾದರಿ ಪರೀಕ್ಷಿಸಿದಾಗ ಎರಡರಲ್ಲಿ, ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿ ಎನ್‌ಡಿಎಂ-1 ಜೀನು ಸಿಕ್ಕಿತು. ಕಿಣ್ವಕ್ಕೆ ದೆಹಲಿಯ ಹೆಸರಿಟ್ಟರೆಂದು (ಎನ್‌ಡಿ ಎಂದರೆ ನ್ಯೂ ಡೆಲ್ಲಿ) ನಮ್ಮವರು ಸಿಟ್ಟಾದರು. ಸಿಟ್ಟಿಗೆ ಕಾರಣವಿತ್ತು, ಆದರೆ ನೀರಿನ ಮಾತು ಅದರಲ್ಲಿ ಮುಳುಗಿಹೋದದ್ದು ನಮ್ಮದೇ ತಪ್ಪು. ಆದರೆ ಒಂದು ಪ್ರಶ್ನೆಗೆ ಆಕ್ಸ್‌ಫರ್ಡ್ ಉತ್ತರಿಸಬೇಕು. 2019ರಲ್ಲಿ ಔಷಧಕ್ಕೆ ಬಗ್ಗದ ಸೋಂಕುಗಳೇ ನೇರ ಕಾರಣವಾಗಿ ಸುಮಾರು 12.7 ಲಕ್ಷ ಜನ ಸತ್ತರೆಂದು ಲ್ಯಾನ್ಸೆಟ್ ಪತ್ರಿಕೆಯ ಅಧ್ಯಯನ ಅಂದಾಜಿಸಿತು. ಸಾವಿನ ಪ್ರಮಾಣ ಅತಿ ಹೆಚ್ಚಿದ್ದದ್ದು ಪಶ್ಚಿಮ ಆಫ್ರಿಕಾದಲ್ಲಿ. ರೋಗಾಣುವಿನ ಮಾದರಿ ಕೊಟ್ಟ ಊರಿಗೆ ಮದ್ದು ತಲುಪುವ ಖಾತರಿ ಎಲ್ಲಿದೆ?

ಮಾರುಕಟ್ಟೆಗೇ ಬಿಟ್ಟರೆ ತಲುಪುವುದಿಲ್ಲ. ಅಮೆರಿಕದ ಅಕಾಜೆನ್ ಕಂಪನಿಯ ಪ್ಲಾಜೊಮೈಸಿನ್ ಎಂಬ ಆ್ಯಂಟಿಬಯೋಟಿಕ್‌ಗೆ 2018ರಲ್ಲಿ ಅನುಮತಿ ಸಿಕ್ಕಿತು. 2019ರಲ್ಲಿ ಕಂಪನಿಯೇ ದಿವಾಳಿಯಾಯಿತು. ಹೊಸ ಆ್ಯಂಟಿಬಯೋಟಿಕ್ಕನ್ನು ಕಡಿಮೆ ಬಳಸಿದಷ್ಟೂ ಅದರ ಆಯುಸ್ಸು ಹೆಚ್ಚು, ಕಂಪನಿಯ ಆದಾಯ ಕಡಿಮೆ. ಈ ತೊಡಕು ಬಿಡಿಸಲು ಬ್ರಿಟನ್ 2022ರಿಂದ ಎರಡು ಔಷಧಗಳಿಗೆ, ಎಷ್ಟು ಬಳಸಿದರೂ, ತಲಾ ವರ್ಷಕ್ಕೆ 1 ಕೋಟಿ ಪೌಂಡ್‌ವರೆಗೆ ನಿಗದಿತ ಹಣ ಕೊಡತೊಡಗಿತು. ಶ್ರೀಮಂತ ದೇಶಕ್ಕೆ ಇದು ಸಾಧ್ಯ, ಬಡ ದೇಶಗಳಿಗೆ ಕಷ್ಟ.

ಹಾಗಾಗಿ ಈ ಕೇಂದ್ರವನ್ನು ಪ್ರಬಂಧಗಳ ಸಂಖ್ಯೆಯಿಂದ ಅಳೆಯಬಾರದು. ತನ್ನ ಅಣುವನ್ನು ಕಂಪನಿಗೆ ಒಪ್ಪಿಸುವ ದಿನವೇ ಬಡ ದೇಶಗಳ ಬೆಲೆ, ತಯಾರಿಕೆ, ಪೂರೈಕೆಯ ಷರತ್ತುಗಳನ್ನು ಅದು ಒಪ್ಪಂದದಲ್ಲಿ ಬರೆಸಬೇಕು. ಇದು ಆಗದ ಮಾತಲ್ಲ. ಕೋವಿಡ್ ಕಾಲದಲ್ಲಿ ಆಕ್ಸ್‌ಫರ್ಡಿನ ಲಸಿಕೆಯನ್ನು ಪುಣೆಯ ಸೀರಂ ಸಂಸ್ಥೆ ಕೋವಿಶೀಲ್ಡ್ ಹೆಸರಿನಲ್ಲಿ ತಯಾರಿಸಿತು, ಕೋಟ್ಯಂತರ ಭಾರತೀಯರು ಹಾಕಿಸಿಕೊಂಡರು. ಲಸಿಕೆಗೆ ಸಾಧ್ಯವಾದದ್ದು ಆ್ಯಂಟಿಬಯೋಟಿಕ್‌ಗೂ ಸಾಧ್ಯವಾಗಬೇಕು.