ಮೀಸಲು ಕ್ಷೇತ್ರದ ಶಾಸಕರು ಯಾರಿಗೆ ಮೀಸಲು?

ಬೆಂಗಳೂರಿನ ಮಹದೇವಪುರ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರ. ಹೀಗಂದರೆ ನಮ್ಮ ಎಷ್ಟೋ ಗೆಳೆಯರು ನಂಬುವುದಿಲ್ಲ. ವೈಟ್‌ಫೀಲ್ಡು, ಮಾರತ್ತಹಳ್ಳಿ, ಬೆಳ್ಳಂದೂರು, ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳು, ಇವೆಲ್ಲ ಇರೋ ಕಡೆ ಮೀಸಲಾತಿಯಾ ಅಂತ ಕೇಳುತ್ತಾರೆ. ಹೌದು. 2008ರಲ್ಲಿ ಈ ಕ್ಷೇತ್ರ ಹುಟ್ಟಿದಾಗಿನಿಂದ ಇಲ್ಲಿ ಪರಿಶಿಷ್ಟ ಜಾತಿಯವರೇ ಶಾಸಕರು. 2024ರ ಲೋಕಸಭಾ ಚುನಾವಣೆ ಹೊತ್ತಿಗೆ ಮತದಾರರು ಆರು ಲಕ್ಷ ದಾಟಿದ್ದರು. ಇಂಥ ಕ್ಷೇತ್ರದ ಶಾಸಕರ ಕಿವಿಗೆ ಮೊದಲು ಬೀಳುವ ದನಿ ಯಾರದು?

ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. 2022ರ ಮಳೆಯಲ್ಲಿ ಈ ಭಾಗ ಮುಳುಗಿತು. ಸಾಫ್ಟ್‌ವೇರಿನವರು ಟ್ರ್ಯಾಕ್ಟರಿನಲ್ಲಿ ಕೂತು ಹೋದ ಚಿತ್ರ ದೇಶವೆಲ್ಲ ನೋಡಿತು. ಹೊರವರ್ತುಲ ರಸ್ತೆಯ ಕಂಪನಿಗಳ ಸಂಘ ಮುಖ್ಯಮಂತ್ರಿಗೇ ಪತ್ರ ಬರೆದು, ಒಂದೇ ದಿನದಲ್ಲಿ 225 ಕೋಟಿ ರೂಪಾಯಿ ನಷ್ಟ ಅಂತ ಲೆಕ್ಕ ಕೊಟ್ಟಿತು. ಆ ಕಷ್ಟ ಸುಳ್ಳು ಅಂತ ನಾವು ಹೇಳುತ್ತಿಲ್ಲ. ನೀರಿಗೆ ಜಾತಿ ಇಲ್ಲ. ಲೆಕ್ಕಕ್ಕೆ ಮಾತ್ರ ಇದೆ. ಅದೇ ಮನೆಗಳ ಪಾತ್ರೆ ತಿಕ್ಕುವ ಹೆಂಗಸಿನ ತಗಡಿನ ಶೆಡ್ಡಿನಲ್ಲಿ ನೆಂದ ಅಕ್ಕಿಗೆ ಯಾವ ಸಂಘವೂ ಪತ್ರ ಬರೆಯಲಿಲ್ಲ.

ಅದಕ್ಕೂ ಎರಡು ವರ್ಷ ಮೊದಲು, 2020ರ ಜನವರಿಯಲ್ಲಿ, ಇದೇ ಕ್ಷೇತ್ರದ ಕರಿಯಮ್ಮನ ಅಗ್ರಹಾರದ ಶೆಡ್ಡುಗಳ ವಿಡಿಯೋ ಒಂದನ್ನು ಅಂದಿನ ಶಾಸಕ ಅರವಿಂದ ಲಿಂಬಾವಳಿ ಹಂಚಿಕೊಂಡರು. ಅಲ್ಲಿರುವವರಲ್ಲಿ ಬಾಂಗ್ಲಾದ ಅಕ್ರಮ ವಲಸಿಗರಿದ್ದಾರೆಂಬುದು ಅವರ ಶಂಕೆ. ವಾರದೊಳಗೆ ಬುಲ್ಡೋಜರು ಬಂತು. ಬೀದಿಗೆ ಬಿದ್ದವರು ಯಾರು? ನಮ್ಮ ಉತ್ತರ ಕರ್ನಾಟಕದಿಂದ ಗುಳೆ ಬಂದವರು, ಅಸ್ಸಾಂ, ತ್ರಿಪುರದವರು. ಆಧಾರ್ ಕಾರ್ಡು, ವೋಟರ್ ಕಾರ್ಡು ಕೈಯಲ್ಲಿ ಹಿಡಿದು ನಿಂತಿದ್ದರು. ಆಮೇಲೆ ಈ ತೆರವು ಕಾನೂನಿಗೆ ವಿರುದ್ಧ ಅಂತ ಹೈಕೋರ್ಟು ಹೇಳಿತು, ಪುನರ್ವಸತಿಯ ಹೊಣೆಯನ್ನು ಸರ್ಕಾರದ ಮೇಲೆ ಹಾಕಿತು. ಕೋರ್ಟು ಕೇಳಿದ್ದನ್ನು ಶಾಸಕರು ಮೊದಲೇ ಕೇಳಬಹುದಿತ್ತು: ಇವರು ಯಾವೂರಿನವರು? ಗುಡಿಸಲು ಕಿತ್ತರೆ ಎಲ್ಲಿ ಮಲಗುತ್ತಾರೆ?

ಒಬ್ಬ ಶಾಸಕರ ಸ್ವಭಾವಕ್ಕೆ ಇದನ್ನು ಕಟ್ಟಿಹಾಕಿದರೆ ವಿಷಯ ತಪ್ಪಿಹೋಗುತ್ತದೆ. ಮೂಲ 1932ರಲ್ಲಿದೆ. ಅಂಬೇಡ್ಕರರು ಬೇಡಿದ್ದು ಪ್ರತ್ಯೇಕ ಮತಕ್ಷೇತ್ರ. ಗಾಂಧೀಜಿಯ ಉಪವಾಸದ ಎದುರು ಪೂನಾ ಒಪ್ಪಂದದಲ್ಲಿ ಉಳಿದದ್ದು ಮೀಸಲು ಸ್ಥಾನ. ಅಭ್ಯರ್ಥಿ ನಮ್ಮವನು, ಗೆಲ್ಲಿಸುವವರು ಎಲ್ಲರೂ. ಹಳ್ಳಿಗಾಡಿನ ಮೀಸಲು ಕ್ಷೇತ್ರದಲ್ಲಿ ಗೌಡರ ಜಗಲಿಯ ಮುಂದೆ ನಿಲ್ಲುವ ಶಾಸಕ, ಇಲ್ಲಿ ಅಪಾರ್ಟ್‌ಮೆಂಟು ಸಂಘದ ಮುಂದೆ ನಿಲ್ಲುತ್ತಾನೆ. ಜಗಲಿ ಬದಲಾಗಿದೆ, ಅಷ್ಟೆ.

ಹಣದ ಲೆಕ್ಕವೂ ಹೀಗೇ. 2013ರಲ್ಲಿ ದಲಿತರ ಪಾಲಿನ ಹಣಕ್ಕೆ ಅಂತ ಬಂದ ಕಾಯ್ದೆಯಲ್ಲೇ 7(ಡಿ) ಅನ್ನೋ ಕಿಂಡಿ ಇತ್ತು. ಎಲ್ಲರೂ ಓಡಾಡುವ ರಸ್ತೆಯಂಥ ಕಾಮಗಾರಿಯ ಖರ್ಚಿನಲ್ಲೂ ಒಂದು ಭಾಗವನ್ನು ದಲಿತರ ಹೆಸರಿಗೆ ಬರೆಯಬಹುದಿತ್ತು. ಹತ್ತು ವರ್ಷ ಬರೆದರು. 2023ರಲ್ಲಿ ಆ ಕಿಂಡಿ ಮುಚ್ಚಿದರು. ಆ ಹತ್ತು ವರ್ಷದ ಲೆಕ್ಕವನ್ನು ಸದನದಲ್ಲಿ ಎಳೆಎಳೆಯಾಗಿ ಕೇಳಬೇಕಾದವರು ಮೀಸಲು ಕ್ಷೇತ್ರದವರಲ್ಲದೆ ಇನ್ಯಾರು ಸ್ವಾಮಿ?

2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದು, ಮುಂದಿನ ಐದು ವರ್ಷ ಚುನಾವಣೆಯೇ ಆಗಲಿಲ್ಲ. ಚರಂಡಿಗೂ ಶಾಸಕರೇ, ಬೀದಿದೀಪಕ್ಕೂ ಶಾಸಕರೇ. ಲೆಟರ್‌ಹೆಡ್ಡು ಇದ್ದವರಿಗೆ ಅವರ ಮನೆ ಬಾಗಿಲು ಗೊತ್ತು. ಶೆಡ್ಡಿನವರಿಗೆ?

ಶೆಡ್ಡಿನ ಎಷ್ಟೋ ಜನರ ವೋಟು ಯಾದಗಿರಿ, ರಾಯಚೂರು ಕಡೆ ಇದೆ. ಇಲ್ಲಿನ ಶಾಸಕರಿಗೆ ಅವರು ಮತದಾರರಲ್ಲ. ಅಲ್ಲಿನ ಶಾಸಕರಿಗೆ ಅವರು ಗುಳೆ ಹೋದವರು. ನಗರ ಕಟ್ಟುವ ಕೈಗೆ ನಗರದಲ್ಲಿ ಬೆರಳಿನ ಶಾಯಿ ಇಲ್ಲ. ಸೂರಿಲ್ಲದವನೂ ಫಾರಂ ತುಂಬಿ ಇಲ್ಲೇ ಹೆಸರು ಬರೆಸಬಹುದು. ಮನೆ ವಿಳಾಸದ ದಾಖಲೆ ಇಲ್ಲದಿದ್ದರೆ ಮತಗಟ್ಟೆ ಅಧಿಕಾರಿ ರಾತ್ರಿ ಬಂದು ಅವನು ಮಲಗುವ ಜಾಗ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ನಿಯಮ ಇದೆ. ಆದರೆ ಊರಿನ ವೋಟು ಬಿಟ್ಟರೆ ಪಂಚಾಯ್ತಿಯವರು ಮನೆ ಪಟ್ಟಿಯಿಂದಲೇ ಹೆಸರು ಹೊಡೆದಾರು ಅನ್ನೋ ಹೆದರಿಕೆಯೂ ಇದೆ. ಆ ಹೆದರಿಕೆ ಸುಳ್ಳಲ್ಲ. ಊರಲ್ಲಿ ಮುದುಕರಿದ್ದಾರೆ, ಅರ್ಧ ಎದ್ದ ಗೋಡೆ ಇದೆ. ಹಾಗಾಗಿ ಫಾರಂ ಹಿಡಿದು ಶೆಡ್ಡಿಗೆ ಹೋಗುವ ಸಂಗಾತಿಗಳು ಆ ಊರಿನ ಮೇಷ್ಟ್ರಿಗೂ ಮೊದಲೇ ಒಂದು ಮಾತು ಹೇಳಿರಬೇಕು.