ಬಹುಮಾನದ ಮೀನು: ದಯೆಯ ಕಾನೂನಿನಲ್ಲೊಂದು ಲೋಪ

ಒಂದು ಜೀವಿಗೆ ಆಶ್ರಯವಿತ್ತು ಸಲಹಬಹುದು. ಸಲಹಲಾರದವರು ಅದನ್ನು ಸಲಹಬಲ್ಲವರ ವಶಕ್ಕೆ ಒಪ್ಪಿಸಬಹುದು. ಆದರೆ ಆಟದಲ್ಲಿ ಗೆದ್ದವರಿಗೆ ಅದನ್ನು ಬಹುಮಾನವಾಗಿ ಹಂಚಬಹುದೆ? ಬ್ರಿಟನ್ನಿನ ಜಾತ್ರೆಗಳಲ್ಲಿ ಬಹುಕಾಲದಿಂದ ನಡೆದುಬಂದ ಒಂದು ಪದ್ಧತಿ ಈ ಪ್ರಶ್ನೆಯನ್ನು ಮುಂದಿಡುತ್ತದೆ. ಬಳೆಯನ್ನೋ ಚೆಂಡನ್ನೋ ಎಸೆದು ಗುರಿ ಮುಟ್ಟಿಸಿದವರ ಕೈಗೆ ಪ್ಲಾಸ್ಟಿಕ್ ಚೀಲವೊಂದನ್ನು ಕೊಡುತ್ತಾರೆ. ಅದರೊಳಗಿನ ಸ್ವಲ್ಪ ನೀರಿನಲ್ಲಿ ಒಂದು ಗೋಲ್ಡ್‌ಫಿಷ್ ಇರುತ್ತದೆ. ಮಗು ಹಿಗ್ಗುತ್ತದೆ, ನೋಡುವವರೂ ಹಿಗ್ಗುತ್ತಾರೆ. ಮೀನಿನ ಪಾಡನ್ನು ಕೇಳುವವರು ವಿರಳ.

ಚೀನಾದಲ್ಲಿ ಶತಶತಮಾನಗಳಿಂದ ಸಾಕಿ ಬೆಳೆಸಿದ ತಳಿ ಇದು. ಸರಿಯಾದ ಆರೈಕೆ ದೊರೆತರೆ ಗೇಣುದ್ದಕ್ಕೂ ಬೆಳೆದು, ಹತ್ತಿಪ್ಪತ್ತು ವರ್ಷ ಬಾಳಬಲ್ಲದು. ಮೀನು ತನ್ನ ದೇಹದ ಕಲ್ಮಷವನ್ನು ಬಹುಮಟ್ಟಿಗೆ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ನೀರಿಗೆ ಬಿಡುತ್ತದೆ. ಮುಚ್ಚಿದ ಚೀಲದಲ್ಲಿ ಆ ವಿಷ ಹೆಚ್ಚುತ್ತಾ ಹೋಗುತ್ತದೆ, ಆಮ್ಲಜನಕ ಕುಗ್ಗುತ್ತಾ ಹೋಗುತ್ತದೆ. ಮನೆ ಸೇರಿದ ಮೇಲೂ ಗಂಡಾಂತರ ತಪ್ಪದು. ನಲ್ಲಿನೀರಿನ ಕ್ಲೋರಿನ್ ಕಿವಿರುಗಳನ್ನು ಸುಡುತ್ತದೆ. ಅಮೋನಿಯಾವನ್ನು ನಿರಪಾಯಕರ ರೂಪಕ್ಕೆ ತರುವ ಸೂಕ್ಷ್ಮಾಣುಗಳು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ಕೆಲವು ವಾರಗಳು ಬೇಕು. ಎಂದರೆ, ಮೀನು ಬರುವುದಕ್ಕೆ ವಾರಗಳ ಮೊದಲೇ ಅದರ ಮನೆ ಸಿದ್ಧವಾಗಿರಬೇಕು. ಬಹುಮಾನವಾದರೋ ಪೂರ್ವಸಿದ್ಧತೆಯಿಲ್ಲದವರಿಗೆ ಹಠಾತ್ತನೆ ಬರುವಂಥದು. ಆದ್ದರಿಂದ ದೋಷವಿರುವುದು ಯಾರೋ ಒಬ್ಬ ಅಂಗಡಿಯವನ ಅಜಾಗ್ರತೆಯಲ್ಲಿ ಮಾತ್ರವಲ್ಲ. ಪದ್ಧತಿಯ ಸ್ವರೂಪದಲ್ಲಿಯೇ ಅದಿದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ಗಾಗಿ 2006ರಲ್ಲಿ ರಚಿತವಾದ ಪ್ರಾಣಿಕ್ಷೇಮ ಕಾಯಿದೆ ಇಲ್ಲಿ ವಿಮರ್ಶೆಗೆ ಯೋಗ್ಯವಾಗಿದೆ. ಅದರ 9ನೆಯ ವಿಧಿ ಉದಾತ್ತವಾದುದು. ಯೋಗ್ಯ ನೆಲೆ, ಯೋಗ್ಯ ಆಹಾರ, ಸಹಜ ನಡವಳಿಕೆಗೆ ಅವಕಾಶ, ಬೇಕಾದಂತೆ ಸಹವಾಸ ಅಥವಾ ಏಕಾಂತ, ನೋವು-ರೋಗಗಳಿಂದ ರಕ್ಷಣೆ ಎಂಬ ಐದು ಅಗತ್ಯಗಳನ್ನು ಸಾಕುವವನು ಪೂರೈಸಬೇಕೆಂದು ಅದು ವಿಧಿಸುತ್ತದೆ. ಬೆನ್ನೆಲುಬುಳ್ಳ ಜೀವಿಯಾದ ಮೀನೂ ಈ ರಕ್ಷಣೆಗೆ ಒಳಪಟ್ಟಿದೆ. ಆದರೆ 11ನೆಯ ವಿಧಿಗೆ ಬಂದಾಗ ದೃಷ್ಟಿ ಬದಲಾಗುತ್ತದೆ. 16 ವರ್ಷ ತುಂಬದವರಿಗೆ ಪ್ರಾಣಿಯನ್ನು ಬಹುಮಾನವಾಗಿ ಒಡ್ಡಬಾರದೆಂದು ಹೇಳಿ, ಆ ವಯಸ್ಸು ದಾಟಿದವರು ಜೊತೆಗಿದ್ದರೆ ಆಗಬಹುದೆಂದು ವಿನಾಯಿತಿ ಕೊಡುತ್ತದೆ. ಅಲ್ಲಿ ಅಳೆದದ್ದು ಪಡೆಯುವವನ ವಯಸ್ಸನ್ನು. ಕೊಡಲ್ಪಡುವ ಜೀವಿಯ ಬಾಳನ್ನಲ್ಲ. ಜೊತೆಗೊಬ್ಬ ವಯಸ್ಕ ನಿಂತ ಮಾತ್ರಕ್ಕೆ ಚೀಲದ ನೀರು ಶುದ್ಧವಾಗುವುದೆ? ಪಾಲನೆಯನ್ನು ಕರ್ತವ್ಯವೆಂದು ಸಾರಿದ ಕಾಯಿದೆಯೇ ಪಾಲಕನನ್ನು ಬಳೆಯೆಸೆತದಿಂದ ಆರಿಸಲು ಬಿಟ್ಟದ್ದು ಸ್ವವಿರೋಧ. ಅದೇ ವರ್ಷ ಸ್ಕಾಟ್ಲೆಂಡಿನ ಕಾಯಿದೆ, ಕುಟುಂಬದೊಳಗಿನ ಕೊಡುಗೆಯನ್ನುಳಿದು, ಪ್ರಾಣಿಯನ್ನು ಬಹುಮಾನವಾಗಿ ಕೊಡುವುದನ್ನೇ ಅಪರಾಧವೆಂದಿತು. ಇಂಗ್ಲೆಂಡಿನಲ್ಲಿಯೂ ಅನೇಕ ಸ್ಥಳೀಯ ಸಂಸ್ಥೆಗಳು ತಮ್ಮ ಜಾಗಗಳಲ್ಲಿ ಇದನ್ನು ನಿಷೇಧಿಸಿವೆ.

ಮೀನಿಗೆ ನೋವಿನ ಸಂವೇದನೆಯುಂಟೆಂದು ಬ್ರಿಟನ್ನಿನ ವಿಜ್ಞಾನಿಗಳು 2003ರಲ್ಲಿ ಟ್ರೌಟ್ ಮೀನುಗಳ ಅಧ್ಯಯನದಿಂದ ಪ್ರತಿಪಾದಿಸಿದರು. ನಮ್ಮ ಆಚಾರ್ಯರು ಮೀನನ್ನು ಬಹು ಹಿಂದೆಯೇ ಪಂಚೇಂದ್ರಿಯ ತಿರ್ಯಂಚಗಳಲ್ಲಿ ಎಣಿಸಿದ್ದರು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ, ಕೊನೆಯದು ಅನ್ನಪಾನನಿರೋಧ. ನೀರಿನಲ್ಲಿಯೇ ಉಸಿರಾಡುವ ಜೀವಿಗೆ ಉಸಿರಾಡಲಾಗದ ನೀರನ್ನು ಕೊಡುವುದರಲ್ಲಿ ಇವೆರಡರ ಛಾಯೆಯೂ ಇದೆ. ಕೊಲ್ಲುವ ಸಂಕಲ್ಪ ಅಲ್ಲಿ ಯಾರಿಗೂ ಇಲ್ಲವೆಂಬುದು ನಿಜ. ಆದರೆ ಪ್ರಮಾದದಿಂದಾಗುವ ಪ್ರಾಣಹಾನಿಯೂ ಹಿಂಸೆಯೇ ಅಲ್ಲವೆ? ಮೃಗಸೇನನೆಂಬ ಬೆಸ್ತನ ಕಥೆ ವಾಚಕರಿಗೆ ತಿಳಿದದ್ದೇ. ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲೆನೆಂದು ವ್ರತ ತೊಟ್ಟ ಆತ, ಅದಕ್ಕೊಂದು ಗುರುತು ಕಟ್ಟಿ ನೀರಿಗೆ ಬಿಟ್ಟ. ಅದೇ ಮೀನು ಮತ್ತೆ ಮತ್ತೆ ಸಿಕ್ಕಿದರೂ ಬಿಟ್ಟ. ಮೀನಿನಿಂದಲೇ ಹೊಟ್ಟೆ ಹೊರೆಯುತ್ತಿದ್ದವನಿಗೂ ಆ ಒಂದು ಮೀನು ಒಂದು ಜೀವವಾಗಿ ಕಂಡಿತು. ಜಾತ್ರೆಯ ಅಂಗಡಿಯಲ್ಲಿಯಾದರೋ ಈ ಚೀಲವಾದರೇನು, ಆ ಚೀಲವಾದರೇನು!

ಮೀನು ಸಾಕುವುದರಿಂದ ಮಕ್ಕಳಲ್ಲಿ ದಯೆ, ಹೊಣೆಗಾರಿಕೆ ಬೆಳೆಯುವುದೆಂದು ಕೆಲವರು ವಾದಿಸಬಹುದು. ಅದಕ್ಕೆ ನಿದರ್ಶನವೂ ಇದೆ. 1956ರಲ್ಲಿ ಇಂಗ್ಲೆಂಡಿನ ಡಾಂಕ್ಯಾಸ್ಟರ್‌ನ ಜಾತ್ರೆಯೊಂದರಲ್ಲಿ ಬಾಲಕನೊಬ್ಬ ಗೆದ್ದ ಟಿಷ್ ಎಂಬ ಮೀನು, ಆ ಮನೆಯವರ ಆರೈಕೆಯಲ್ಲಿ 43 ವರ್ಷ ಬಾಳಿ 1999ರಲ್ಲಿ ಸತ್ತು, ಗಿನ್ನೆಸ್ ದಾಖಲೆಗೆ ಸೇರಿತು. ಆ ಮನೆಯವರ ಕರುಣೆ ಶ್ಲಾಘನೀಯ. ಆದರೆ ಈ ಉದಾಹರಣೆ ಪದ್ಧತಿಯನ್ನು ಸಮರ್ಥಿಸುವುದಿಲ್ಲ. ಚೀಲವೊಂದರಲ್ಲಿ ನಾವು ತೂಗುಹಾಕುವುದು ಎಷ್ಟು ದೀರ್ಘವಾಗಬಹುದಾದ ಬದುಕನ್ನು ಎಂಬುದನ್ನೇ ಅದು ತೋರಿಸುತ್ತದೆ. ಗೆದ್ದ ಮಗು ಮೊದಲು ಕಲಿಯುವ ಪಾಠವೂ ವಿಚಾರಾರ್ಹ: ಜೀವವೆಂಬುದು ಬೊಂಬೆಯಂತೆ, ಮಿಠಾಯಿಯಂತೆ ಗೆಲ್ಲಬಹುದಾದ ವಸ್ತು!

ಹುಟ್ಟುಹಬ್ಬಕ್ಕೆ ಬಂದ ಮಕ್ಕಳಿಗೆ ಮರುಕಾಣಿಕೆಯಾಗಿ ಮೀನು ಕೊಡುವ ಯೋಚನೆ ನಮ್ಮವರಲ್ಲಿ ಯಾರಿಗಾದರೂ ಬಂದರೆ, ಅದಕ್ಕೂ ಈ ಮಾತು ಸಲ್ಲುತ್ತದೆ. ಈಗಾಗಲೇ ಮೀನು ಮನೆಗೆ ಬಂದಿದ್ದರೆ, ದಯೆಯೆಂದು ಭಾವಿಸಿ ಅದನ್ನು ಕೆರೆಗೆ ಬಿಡುವುದೂ ತರವಲ್ಲ. ಅಮೆರಿಕದ ಮಿನ್ನೆಸೋಟದ ಕೆರೆಯೊಂದರಲ್ಲಿ, ಜನ ಬಿಟ್ಟ ಗೋಲ್ಡ್‌ಫಿಷ್‌ಗಳು ದೊಡ್ಡದಾಗಿ ಬೆಳೆದು ತಳದ ಕೆಸರನ್ನು ಕದಡಿ ನೀರನ್ನು ಕೆಡಿಸುತ್ತಿರುವುದನ್ನು ಕಂಡು, ಹಾಗೆ ಬಿಡಬಾರದೆಂದು 2021ರಲ್ಲಿ ನಗರಾಡಳಿತವೇ ಬೇಡಿಕೊಳ್ಳಬೇಕಾಯಿತು. ಒಂದು ಜೀವಕ್ಕೆ ತೋರುವ ಅನುಕಂಪ ಅನೇಕ ಜೀವಗಳಿಗೆ ಕಂಟಕವಾಗಬಾರದು. ವಿಶಾಲವಾದ ತೊಟ್ಟಿ, ಕ್ಲೋರಿನ್ ನೀಗಿಸಿದ ನೀರು, ಮಿತವಾದ ಆಹಾರ ಇವುಗಳನ್ನು ಒದಗಿಸಬೇಕು. ಆಗದಿದ್ದರೆ ಬಲ್ಲವರಿಗೆ ಒಪ್ಪಿಸಬೇಕು.

ಆಟದಲ್ಲಿ ಗೆದ್ದವನಿಗೆ ಸಂತೋಷ ಸಿಗಲಿ. ಅದಕ್ಕೆ ಬೊಂಬೆ ಸಾಕು. ಆಡಲು ಒಪ್ಪದ, ಸೋಲುಗೆಲುವುಗಳನ್ನರಿಯದ ಜೀವವೊಂದನ್ನು ಪಣಕ್ಕಿಡುವ ಅಧಿಕಾರ ಮಾತ್ರ ಯಾರಿಗೂ ಇಲ್ಲ.